ಹಡಗಿಗೆ ಆಯುಧಪೂಜೆ

ಸೆಪ್ಟೆಂಬರ್ 3, ಬುಧವಾರ

ಬೀಜದ ಕಂಪನಿಯವರು ಕೊಟ್ಟ ಡೈರಿ ಜನವರಿಯಿಂದ ಹಾಗೇ ಬಿದ್ದಿತ್ತು. ಇವತ್ತು ಬರೆಯಲು ಕೂತಿದ್ದಕ್ಕೆ ಕಾರಣ ಇಷ್ಟೇ: ಯಾರಿಗೂ ಹೇಳಬಾರದ ವಿಷಯವೊಂದು ಗೊತ್ತಾಗಿದೆ, ನನಗೋ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಇಲ್ಲಿ ಬರೆದರೆ ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ಬೆಳಿಗ್ಗೆ ಇವರು ವಿಡಿಯೋ ಕಾಲ್ ಮಾಡಿದ್ದರು. ಇವರು ಅಂದರೆ ನನ್ನ ಗಂಡ ಮಹಾಂತೇಶ್. ಶಿರಾಳಕೊಪ್ಪದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವರ್ಕ್‌ಶಾಪಿನಲ್ಲಿ ಇವರ ವೆಲ್ಡಿಂಗಿಗೆ ಹೆಸರಿತ್ತು. ಜೂನ್‌ನಲ್ಲಿ ಹೊರದೇಶದ ಬಂದರೊಂದಕ್ಕೆ ಕರಾರಿನ ಮೇಲೆ ಹೋದರು. ಯಾವ ದೇಶ ಅಂತ ಇಲ್ಲೂ ಬರೆಯುವುದಿಲ್ಲ, ಇವರೇ ಬೇಡ ಅಂದಿದ್ದಾರೆ. ಹಡಗು ರಿಪೇರಿ ಕೆಲಸ ಅಂತಷ್ಟೇ ಇಷ್ಟು ದಿನ ನಮಗೆ ಗೊತ್ತಿದ್ದದ್ದು.

ಫೋನನ್ನು ಸುತ್ತ ತಿರುಗಿಸಿ ತೋರಿಸಿದರು. ಸರಕು ಸಾಗಿಸುತ್ತಿದ್ದ ಹಳೇ ಹಡಗು. ಮೇಲಿದ್ದದ್ದನ್ನೆಲ್ಲ ಕೊಯ್ದು ತೆಗೆದು ಈ ತುದಿಯಿಂದ ಆ ತುದಿಗೆ ಕಬ್ಬಿಣದ ಹಾಳೆ ಹಾಸಿದ್ದಾರೆ. ನಮ್ಮ ಹೈಸ್ಕೂಲ್ ಮೈದಾನದಂಥವು ಎರಡು ಹಿಡಿಯುತ್ತವೆ. ಮುಂದಿನ ತುದಿ ಮಾತ್ರ ಮೇಲಕ್ಕೆ ಎದ್ದಿದೆ, ನಡುವೆ ಉದ್ದಕ್ಕೂ ಹಳದಿ ಗೆರೆ.

‘ಇದು ರಿಪೇರಿ ಅಲ್ಲ ಬಿಡ್ರೀ. ಇದು ಡ್ರೋನ್ ಹಾರಿಸೋ ಜಾಗ’ ಅಂದೆ.

ಫೋನನ್ನು ತಟ್ಟನೆ ತಮ್ಮ ಮುಖದ ಕಡೆ ತಿರುಗಿಸಿಕೊಂಡರು. ‘ಲೇ ಗಂಗಾ, ನಿಂಗೆ ಹೆಂಗೆ ಗೊತ್ತಾತು?’

ಗೊತ್ತಾಗದೆ ಏನು. ಸ್ತ್ರೀಶಕ್ತಿ ಸಂಘದಿಂದ ಡ್ರೋನ್ ಟ್ರೈನಿಂಗಿಗೆ ಕಳಿಸಿದ್ದು ನನ್ನನ್ನೇ ತಾನೆ. ಹೋದ ವರ್ಷ ಗೌರಿ ಹಬ್ಬದ ದಿನ ನಮ್ಮ ಡ್ರೋನು ಬಂತು, ಅದಕ್ಕೇ ಅವಳ ಹೆಸರು ಗೌರಿ. ಸಂಘದ ಗೆಳತಿ ಮಾಲಾ ಲಗೇಜ್ ಆಟೋ ಓಡಿಸುತ್ತಾಳೆ, ನಾನು ಗೌರಿಯನ್ನು ಹಾರಿಸುತ್ತೇನೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಜೋಳಕ್ಕೆ, ಗದ್ದೆಗೆ ಔಷಧಿ ಹೊಡೆದಿದ್ದೇವೆ. ಹಾರುವ ವಸ್ತುವಿಗೆ ಎಷ್ಟು ಜಾಗ ಬೇಕು ಅಂತ ನನ್ನನ್ನು ಕೇಳಬೇಕು.

ಆಮೇಲೆ ಇವರೇ ಬಿಡಿಸಿ ಹೇಳಿದರು. ‘ಇದು ಸಣ್ಣ ದೇಶ. ದೊಡ್ಡ ನೌಕಾಪಡೆ ಕಟ್ಟಾಕೆ ಇವ್ರ ಕೈಲಾಗಲ್ಲ. ಅದಕ್ಕೆ ಗುಜರಿಗೆ ಹೋಗೋ ಹಡಗು ತಂದು, ಅದರ ಮ್ಯಾಲೆ ಅಗ್ಗದ ಡ್ರೋನ್ ಇಡ್ತಾರೆ. ದೊಡ್ಡೋರು ಒಂದು ಹಡಗು ತಂದ್ರೆ ಇವ್ರು ನೂರು ಡ್ರೋನ್ ಬಿಡ್ತಾರೆ. ದೂರದಿಂದ ನೋಡಿದ್ರೆ ಇದಿನ್ನೂ ಗೂಡ್ಸ್ ಹಡಗೇ. ಸುತ್ತ ಖಾಲಿ ಕಂಟೇನರ್ ಜೋಡಿಸಿ ಮರೆ ಮಾಡ್ಯಾರೆ.’

‘ಯುದ್ಧದ ಹಡಗಲ್ಲಿ ನಿಮಗೇನ್ರೀ ಕೆಲಸ?’

‘ಟ್ರೇಲರ್‌ನಾಗೆ ಗೊಬ್ಬರ ಹೇರ್ತೀರೋ ಕಲ್ಲು ಹೇರ್ತೀರೋ ಅಂತ ಯಾರನ್ನಾದ್ರೂ ಕೇಳ್ತಿದ್ನಾ? ಪಾಸ್‌ಪೋರ್ಟ್ ಕಂಪನಿ ಕಪಾಟಿನಾಗೈತೆ, ಬಿಟ್ಟು ಬರಾಕೂ ಆಗಲ್ಲ. ಯಾರಿಗೂ ಹೇಳಬ್ಯಾಡ, ಅಪ್ಪಂಗೂ.’

ಹೇಳುವುದಿಲ್ಲ ಅಂದೆ. ಆಣೆಯನ್ನೂ ಮಾಡಿದೆ. ಗಂಡ ಕಟ್ಟುತ್ತಾನೆ, ಹೆಂಡತಿ ಹಾರಿಸುತ್ತಾಳೆ. ಇಂಥ ಜೋಡಿ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಕ್ಯಾಸನೂರು ಕಡೆ ಚಿಕ್ಕಬೀರಪ್ಪನವರ ಗದ್ದೆಗೆ ಹೋಗಿದ್ದೆವು. ನನ್ನ ತವರು ಆ ಕಡೆಯೇ, ಹಾಗಾಗಿ ಅವರಿಗೆ ನನ್ನ ಮೇಲೆ ಸಲಿಗೆ ಜಾಸ್ತಿ. ಬದುವಿನ ಮೇಲೆ ಕೂತು ಗೌರಿ ಹಾರುವುದನ್ನೇ ನೋಡುತ್ತಿದ್ದರು.

‘ಅಲ್ಲ ಮಾರಾಯ್ತಿ, ಇದಕ್ಕೆ ಔಷಧಿ ಬದ್ಲು ಬಾಂಬು ಕಟ್ಟಿದ್ರೆ ಎಂತಾಗ್ತದೆ?’

‘ನಿಮ್ಮ ಗದ್ದೆಲಿ ಹುಳ ಸಾಯಲ್ಲ, ನೀವೇ ಹೋಗ್ತೀರಿ’ ಅಂದೆ. ಅವರು ನಕ್ಕಿದ್ದೇ ನಕ್ಕಿದ್ದು.

‘ಗಂಡ ಎಂತ ಮಾಡ್ತನೆ ಅಲ್ಲಿ?’ ಅಂತ ಕೇಳಿದಾಗ ನಾಲಿಗೆ ತುದಿಗೆ ಬಂದಿತ್ತು. ಮಾಲಾ ಪಕ್ಕದಲ್ಲೇ ಇದ್ದಳು. ಹಡಗು ರಿಪೇರಿ ಅಂದು ಸುಮ್ಮನಾದೆ. ‘ಓ, ಗ್ಯಾರೇಜು’ ಅಂದುಬಿಟ್ಟರು. ಅಷ್ಟು ದೊಡ್ಡ ಹಡಗಿಗೆ ಗ್ಯಾರೇಜು ಅಂತೆ. ಮನೆಗೆ ಬರುವ ತನಕ ಹೊಟ್ಟೆ ಉರಿಯಿತು.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಎಷ್ಟು ಚೆನ್ನಾಗಿತ್ತು ಇವತ್ತು.

ಮಾವನ ಅಂಗಡಿಯಲ್ಲಿ ಮೊದಲು ಪೂಜೆ. ಮಾವ ಪರಮಶಿವಪ್ಪನವರು ಸಲಿಕೆ, ಗುದ್ದಲಿ, ಕುಡುಗೋಲು ಮಾರುವವರು. ಅಂಗಡಿಯ ಒಂದೊಂದಕ್ಕೂ ವಿಭೂತಿ ಹಚ್ಚಿ ಮುಗಿಸುವಾಗ ಮಧ್ಯಾಹ್ನ. ಆಮೇಲೆ ಮಾಲಾಳ ಆಟೋ, ಆಮೇಲೆ ನಮ್ಮ ಗೌರಿ. ರೆಕ್ಕೆಗೆ ಸೇವಂತಿಗೆ ಕಟ್ಟಿ, ನೆತ್ತಿಗೆ ಕುಂಕುಮ ಇಟ್ಟೆ. ಅತ್ತೆ ದೃಷ್ಟಿ ತೆಗೆದು ಬೂದುಗುಂಬಳ ಒಡೆದರು.

ಅಷ್ಟರಲ್ಲಿ ಇವರ ಫೋಟೋ ಬಂತು. ಹಡಗಿಗೆ ಪೂಜೆ ಮಾಡಿದ್ದಾರೆ! ಹೋಗುವಾಗ ಅತ್ತೆ ಕಟ್ಟಿಕೊಟ್ಟಿದ್ದ ವಿಭೂತಿ ಗಟ್ಟಿಯಿಂದ ಕಬ್ಬಿಣಕ್ಕೆ ದೊಡ್ಡದಾಗಿ ಮೂರೆಳೆ ಎಳೆದಿದ್ದಾರೆ. ಅಲ್ಲಿ ಬೂದುಗುಂಬಳ ಎಲ್ಲಿ ಸಿಗಬೇಕು, ಕಲ್ಲಂಗಡಿಗೇ ಕುಂಕುಮ ಬಳಿದು, ಒಡೆಯುವ ಮೊದಲು ಎತ್ತಿ ಹಿಡಿದುಕೊಂಡು ನಿಂತಿದ್ದಾರೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಹಿಂದೆ ಇಡೀ ಹಡಗಿನ ಬಯಲು, ಹಳದಿ ಗೆರೆ, ಎದ್ದ ಮೂತಿ, ಟಾರ್ಪಾಲ್ ಹೊದಿಸಿದ ಡ್ರೋನುಗಳ ಸಾಲು.

‘ಕೆಲಸ ಮಾಡೋ ಕಬ್ಬಿಣಕ್ಕೆ ಪೂಜೆ ಮಾಡದೆ ಇರಾಕಾಗಲಿಲ್ಲ. ಮೇಸ್ತ್ರಿ ಬೈದ, ಆಮೇಲೆ ಅವನೇ ಫೋಟೋ ಹೊಡ್ದ. ಅವ್ವಂಗೆ ತೋರ್ಸು’ ಅಂತ ವಾಯ್ಸ್ ಮೆಸೇಜು.

ಅತ್ತೆ ಫೋನನ್ನು ಕಣ್ಣಿಗೆ ಒತ್ತಿಕೊಂಡರು. ಮಾವ ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಕರೆದು ತೋರಿಸಿದರು. ಗೌರಿಯ ಫೋಟೋ ಒಂದು ಕಡೆ, ಇವರದ್ದು ಒಂದು ಕಡೆ ಜೋಡಿಸಿ ನಾನು ಸ್ಟೇಟಸ್ ಹಾಕಿದೆ: ನನ್ನ ಡ್ರೋನು, ನನ್ನ ಗಂಡನ ಡ್ರೋನ್ ಹಡಗು. ಎಷ್ಟು ಜನ ನೋಡಿದರೋ, ಎಷ್ಟು ಹಾರ್ಟುಗಳೋ. ಈಗ ಹೇಳಲಿ ನೋಡೋಣ ಗ್ಯಾರೇಜು ಅಂತ.

ಅಕ್ಟೋಬರ್ 2, ಗುರುವಾರ

ಬನ್ನಿ ಕೊಡಲು ಹೋದ ಮನೆಗಳಲ್ಲೆಲ್ಲ ಅದೇ ಮಾತು. ಮೊಬೈಲಿನಲ್ಲಿ ಊರಿನ ಸುದ್ದಿ ಹಾಕುವ ಯತೀಶ ಫೋಟೋ ಕಳಿಸಕ್ಕ ಅಂತ ಕೇಳಿದ. ಕಳಿಸಿದೆ. ಯಾವ ಬಂದರು ಅಂತ ಕೇಳಿದ. ಅದನ್ನೂ ಹೇಳಿದೆ. ‘ಶಿರಾಳಕೊಪ್ಪದ ಕೈಯಲ್ಲಿ ಡ್ರೋನ್ ಹಡಗು’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾನೆ.

ಅಕ್ಟೋಬರ್ 5, ಭಾನುವಾರ

ಇವರು ಬೈದರು. ಜೋರಾಗಿ ಅಲ್ಲ, ಬೇಜಾರಾದಾಗ ಬೈಯುವ ಹಾಗೆ.

‘ಅವ್ವಂಗೆ ತೋರ್ಸು ಅಂದ್ರೆ ಊರಿಗೆಲ್ಲ ತೋರ್ಸೀಯಲ್ಲೇ.’

‘ಮಾವನೂ ತೋರಿಸಿದ್ರು.’

‘ಅಪ್ಪ ಅಂಗಡಿನಾಗೆ ತೋರ್ಸಿದ್ದು. ನೀ ಜಗತ್ತಿಗೇ ತೋರ್ಸೀಯ.’ ಆಮೇಲೆ ಅವರೇ ನಕ್ಕರು. ‘ಹೋಗ್ಲಿ ಬಿಡು. ಶಿರಾಳಕೊಪ್ಪದ ಸುದ್ದಿ ಯಾವ ದೇಶದೋರು ಓದ್ತಾರೆ. ಆ ಹುಡುಗಂಗೆ ಹೇಳಿ ತೆಗಿಸು.’

ಯತೀಶನಿಗೆ ಫೋನ್ ಮಾಡಿದೆ. ತುಂಬಾ ಓಡ್ತಿದೆ ಅಕ್ಕ, ಎರಡು ದಿನ ಬಿಟ್ಟು ತೆಗೀತೀನಿ ಅಂದ. ನನ್ನ ಸ್ಟೇಟಸ್ ಹೇಗೂ ಅವತ್ತೇ ಮುಗಿದಿತ್ತು. ಇಷ್ಟಕ್ಕೆಲ್ಲ ಮುಖ ಸಣ್ಣ ಮಾಡುವುದೇನು. ಅತ್ತೆ ಅಡುಗೆಮನೆಯಲ್ಲಿ ಮಾಲಾಳ ಕಿವಿಯಲ್ಲಿ ಏನೋ ಹೇಳಿ ಆ ಫೋಟೋವನ್ನು ಅವಳ ಫೋನಿಗೆ ಹಾಕಿಸಿಕೊಂಡರು. ಯಾಕೆ ಅಂತ ಕೇಳಿದರೆ ‘ನಿಂಗ್ಯಾಕವ್ವ’ ಅಂತಾರೆ.

ಅಕ್ಟೋಬರ್ 12, ಭಾನುವಾರ

ಅಲ್ಲಿ ವಾತಾವರಣ ಸರಿ ಇಲ್ಲವಂತೆ. ಪಕ್ಕದ ದೇಶದ ಜೊತೆ ಮಾತುಕತೆ ಮುರಿದಿದೆಯಂತೆ, ಎರಡು ಪಾಳಿ ದುಡಿಸುತ್ತಿದ್ದಾರೆ. ಕೆಲಸ ಮುಗಿದರೆ ಬೇರೆ ಕಡೆ ಹಾಕುತ್ತಾರೆ, ಈ ಹಡಗು ನೀರಿಗೆ ಹೋದರೆ ಸಾಕು ಅಂದರು. ಗೌರಿ ಹೇಗಿದ್ದಾಳೆ ಅಂತ ಕೇಳಿದರು. ನಾನು ಹೇಗಿದ್ದೇನೆ ಅಂತ ಕೇಳಲಿಲ್ಲ ಅಂತ ಜಗಳ ತೆಗೆದೆ. ನಗುತ್ತಲೇ ಫೋನ್ ಇಟ್ಟರು.

ಅಕ್ಟೋಬರ್ 19, ಭಾನುವಾರ

ಫೋನಿಲ್ಲ. ಗುರುವಾರದಿಂದ ಇಲ್ಲ.

ಟಿವಿಯಲ್ಲಿ ಬಂತು. ಬಂದರಿಗೆ ಹೊಡೆದಿದ್ದಾರೆ. ಮಾವ ಚಾನೆಲ್ ಬದಲಿಸುತ್ತಲೇ ಇದ್ದರು, ಎಲ್ಲದರಲ್ಲೂ ಅದೇ ಹೊಗೆ. ಹೊಡೆದದ್ದೂ ಡ್ರೋನುಗಳೇ. ಒಂದರ ಹಿಂದೆ ಒಂದು ಬರುವುದನ್ನು ಯಾರೋ ದೂರದಿಂದ ತೆಗೆದಿದ್ದಾರೆ. ಆ ಸದ್ದು ಕೇಳಿ ಎದ್ದು ಹೊರಗೆ ಹೋದೆ. ಅದು ನನಗೆ ಗೊತ್ತಿರುವ ಸದ್ದು. ಗೌರಿ ಜೋಳದ ಮೇಲೆ ತಗ್ಗಿದಾಗ ಬರುವ ಸದ್ದು.

ಸರಕು ಹಡಗಿನ ವೇಷದಲ್ಲಿದ್ದ ಡ್ರೋನ್ ಹಡಗು ಎಂದರು. ಎಷ್ಟೋ ತಿಂಗಳಿಂದ ಉಪಗ್ರಹದಿಂದ ಕಣ್ಣಿಟ್ಟಿದ್ದರಂತೆ ಎಂದು ಒಬ್ಬರು. ಸೋಷಿಯಲ್ ಮೀಡಿಯಾದ ಫೋಟೋಗಳಿಂದ ಪತ್ತೆ ಮಾಡಿದರಂತೆ ಎಂದು ಇನ್ನೊಬ್ಬರು. ಟಿವಿಯವರು ಬಾಯಿಗೆ ಬಂದದ್ದು ಹೇಳುತ್ತಾರೆ. ಮೇಲಿಂದ ಎಲ್ಲ ಕಾಣುವವರಿಗೆ ಫೋಟೋ ಯಾಕೆ ಬೇಕು.

ಅಕ್ಟೋಬರ್ 22, ಬುಧವಾರ

ದೀಪಾವಳಿ. ದೀಪ ಹಚ್ಚಬೇಕೋ ಬೇಡವೋ ಅಂತ ಯಾರೂ ಕೇಳಲಿಲ್ಲ. ಅತ್ತೆ ದೇವರ ಮುಂದೆ ಒಂದು ಹಚ್ಚಿದರು. ಏಜೆಂಟ್ ಫೋನ್ ಎತ್ತುತ್ತಿಲ್ಲ. ಕಂಪನಿಯ ನಂಬರಿಗೆ ಮಾಡಿದರೆ ಅರ್ಥವಾಗದ ಭಾಷೆಯಲ್ಲಿ ಹೆಂಗಸೊಬ್ಬಳು ಒಂದೇ ಮಾತು ಹೇಳುತ್ತಾಳೆ, ರೆಕಾರ್ಡ್ ಮಾಡಿದ್ದು.

ಪಟಾಕಿ ಸದ್ದಿಗೆ ಮಾವ ಬೆಚ್ಚುತ್ತಾರೆ.

ಅಕ್ಟೋಬರ್ 27, ಸೋಮವಾರ

ಫೋಟೋ ತೆಗೆದುಹಾಕಿದೆ. ನನ್ನ ಫೋನಿನಿಂದ, ಚಾಟಿನಿಂದ, ಅಳಿಸಿದ್ದು ಕೂರುವ ಕಸದ ಡಬ್ಬಿಯಿಂದಲೂ. ಫೋನೇ ನಿಧಾನ ಆಗಿತ್ತು, ಎಷ್ಟೊಂದು ಬೇಡದ್ದು ತುಂಬಿತ್ತು.

ಯತೀಶನ ಮನೆಗೆ ಹೋದೆ. ಎರಡು ದಿನ ಅಂದವನು ತೆಗೆದೇ ಇರಲಿಲ್ಲ. ಬಾಗಿಲಲ್ಲೇ ನಿಂತು ತೆಗಿ ಅಂದೆ. ನನ್ನ ಮುಖ ನೋಡಿ ಹೆದರಿದ ಅಂತ ಕಾಣುತ್ತದೆ. ತೆಗೆಯುತ್ತಾ, ‘ನೀವೇ ಕಳಿಸಿದ್ದಲ್ವಾ ಅಕ್ಕ, ಬಂದರಿನ ಹೆಸರೂ ನೀವೇ ಹೇಳಿದ್ದು’ ಅಂದ. ವಾಪಸ್ ಹೊರಟೆ. ದಾರಿಯಲ್ಲಿ ಸಂತೆಯ ತರಕಾರಿ ತಂದೆ, ಬದನೆಕಾಯಿ ಚೆನ್ನಾಗಿತ್ತು. ಮನೆಗೆ ಬಂದು ನೋಡಿದರೆ ಚೀಲ ಎಲ್ಲಿಟ್ಟೆ ಅಂತಲೇ ನೆನಪಿಲ್ಲ.

ಆಸೆ ಬಿಟ್ಟಿಲ್ಲ. ಹಡಗಿನಿಂದ ಇಳಿದ ಕೆಲಸಗಾರರು ಆಸ್ಪತ್ರೆಗಳಲ್ಲಿ ಇದ್ದಾರಂತೆ. ಇವರು ಗಟ್ಟಿ ಆಳು.

ನವೆಂಬರ್ 4, ಮಂಗಳವಾರ

ಶಿವಮೊಗ್ಗಕ್ಕೆ ಹೋಗಿ ಮಾವನ ರಕ್ತ ಕೊಟ್ಟು ಬಂದೆವು. ಡಿಎನ್ಎ ಹೋಲಿಸಿ ನೋಡಲಿಕ್ಕಂತೆ. ಯಾವುದರ ಜೊತೆ ಹೋಲಿಸುತ್ತಾರೆ ಅಂತ ಮಾವ ಕೇಳಿದರು. ರಕ್ತ ತೆಗೆದ ನರ್ಸ್ ಹತ್ತಿ ಒತ್ತಿ ಹಿಡಿಯಿರಿ ಅಂದರು. ಬಸ್ಸಿನಲ್ಲಿ ಪೂರ್ತಿ ದಾರಿ ಮಾವ ತೋಳು ಮಡಚಿಯೇ ಕೂತಿದ್ದರು.

ನವೆಂಬರ್ 9, ಭಾನುವಾರ

ಮಾಲಾ ಬಂದಿದ್ದಳು. ಚಿಕ್ಕಬೀರಪ್ಪನವರ ಗದ್ದೆಗೆ ಇನ್ನೊಂದು ಸಲ ಹೊಡೆಯಬೇಕಂತೆ. ‘ಮನೆಯಲ್ಲಿ ಕೂತು ಏನ್ಮಾಡ್ತೀಯಾ, ಗೌರಿನ ಕರ್ಕೊಂಡು ಹೋಗಿ ಬರಾಣ’ ಅಂದಳು.

ಯಾವ ಗೌರಿ ಅಂತ ಕೇಳಿಬಿಟ್ಟೆ.

ಅವಳು ಅತ್ತಳು. ಯಾಕೆ ಅಳಬೇಕೋ. ಯಂತ್ರ ಸಂಘದ ಕೋಣೆಯಲ್ಲಿದೆ, ಬೀಗದ ಕೈ ತಗೊಂಡು ಹೋಗು, ಬೇರೆ ಯಾರಾದರೂ ಕಲಿಯಲಿ ಅಂದೆ. ರೆಕ್ಕೆಗೆ ಕಟ್ಟಿದ ಸೇವಂತಿಗೆ ಇನ್ನೂ ಹಾಗೇ ಇದೆಯಂತೆ, ಒಣಗಿ.

ನವೆಂಬರ್ 11

ರಕ್ತ ಹೊಂದಿದೆ.

ನವೆಂಬರ್ 16, ಭಾನುವಾರ

ಬಂದರು. ಪೆಟ್ಟಿಗೆಯಲ್ಲಿ ಬಂದರು.

ಹೇಗೆ ಬರೆಯಲಿ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು. ಎಡಗೈ ಮೇಲೆ ಲಿಂಗ ಇಟ್ಟು, ಪೂಜೆಗೆ ಕೂತ ಹಾಗೆ. ಬೆಳಿಗ್ಗೆಯೇ ನೆಂಟರು ಹೊಲದಲ್ಲಿ ಹಾಗೇ ಗುಂಡಿ ತೋಡಿಸಿದ್ದರು, ಕೂರಲು ಗೂಡು ಕೊರೆಸಿದ್ದರು. ಪೆಟ್ಟಿಗೆಗೆ ಸೀಲು ಹಾಕಿತ್ತು, ತೆರೆಯಬಾರದು ಅಂತ ಜೊತೆಗೆ ಬಂದವರು ಮತ್ತೆ ಮತ್ತೆ ಹೇಳಿದರು. ಗುಂಡಿಯನ್ನು ಉದ್ದಕ್ಕೆ ಅಗೆಯಬೇಕಾಯಿತು. ಹಾರೆ, ಗುದ್ದಲಿ ಸಾಲದೆ ಮಾವ ಅಂಗಡಿಯಿಂದ ಹೊಸವು ತರಿಸಿದರು. ಆಯುಧಪೂಜೆಯ ವಿಭೂತಿ ಅವುಗಳ ಮೇಲೆ ಇನ್ನೂ ಇತ್ತು.

ಬೆಂಕಿಯ ಕೆಲಸ, ಕಳೆದು ಹೋದೀತು ಅಂತ ಇವರು ತಮ್ಮ ಲಿಂಗವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಇಷ್ಟು ದಿನ ಅತ್ತೆಯೇ ಅದಕ್ಕೂ ನೀರೆರೆದು ಪೂಜೆ ಮಾಡುತ್ತಿದ್ದರು. ಮಠದ ಅಯ್ನೋರು ಅದನ್ನು ಕೈಗೆ ತಗೊಂಡು ಪೆಟ್ಟಿಗೆಯ ಹತ್ತಿರ ಬಗ್ಗಿದರು. ‘ಎಡಗೈ ಯಾವ ಕಡೆ ಬರ್ತೈತೆ?’ ಅಂತ ಮೆಲ್ಲಗೆ ಕೇಳಿದರು.

ಯಾರಿಗೂ ಗೊತ್ತಿರಲಿಲ್ಲ. ತಲೆ ಯಾವ ಕಡೆ ಅಂತಲೂ ಗೊತ್ತಿರಲಿಲ್ಲ.

ಅತ್ತೆ ಮುಂದೆ ಬಂದು, ಲಿಂಗವನ್ನು ತಗೊಂಡು, ಪೆಟ್ಟಿಗೆಯ ನಡುವೆ ಇಟ್ಟರು. ‘ಅವನೇ ತಗೊಂತಾನೆ’ ಅಂದರು.

ನವೆಂಬರ್ 22, ಶನಿವಾರ

ಬುಧವಾರ ಹನ್ನೊಂದನೇ ದಿನದ ಶಿವಗಣಾರಾಧನೆ. ಮಾವ ನನ್ನನ್ನು ಕರೆದು ಕೂರಿಸಿಕೊಂಡರು.

‘ಗಂಗವ್ವ, ಅವನ ಫೋಟೋ ಇಡಬೇಕು. ಮದುವೆಯದ್ದು ಬ್ಯಾಡ, ಅದರಾಗೆ ಹೆದರಿದಂಗೆ ಕಾಣ್ತಾನೆ. ಕಲ್ಲಂಗಡಿ ಹಿಡ್ಕಂಡು ನಗ್ತಿದ್ನಲ್ಲ, ಅದು ಕೊಡು. ಅಷ್ಟು ಖುಷಿಯಾಗಿ ಅವ್ನು ಮತ್ಯಾವುದ್ರಾಗೂ ಇಲ್ಲ.’

ಫೋನ್ ಕೆಟ್ಟಾಗ ಹೋಯಿತು ಅಂದೆ.

‘ನಿನ್ನ ಸ್ಟೇಟಸ್ಸಿನಾಗೆ ಇತ್ತಲ್ಲವ್ವ.’

‘ಅದೂ ಹೋಯ್ತು ಮಾವ.’

‘ಆ ಹುಡುಗ ಹಾಕಿದ್ನಲ್ಲ, ಯತೀಶ.’

ಅವನೂ ತೆಗೆದಿದ್ದಾನೆ ಅಂದೆ. ಮಾವ ತಲೆ ಆಡಿಸಿದರು. ‘ಎಲ್ಲ ಕಡೆನೂ ಹೋತಾ’ ಅಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಮದುವೆ ಆಲ್ಬಮ್ ಹುಡುಕಲು ಎದ್ದರು.

ಆ ಒಂದು ನಗು ಇತ್ತು, ಅದನ್ನೂ ಉಳಿಸಲಿಲ್ಲ ನಾನು. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ನಾನು ಹಾಕದಿದ್ದರೆ ಇವರು ಇರುತ್ತಿದ್ದರಾ? ಯಾರನ್ನು ಕೇಳಲಿ? ಹೌದು ಅನ್ನುವವರೂ ಇಲ್ಲ, ಅಲ್ಲ ಅನ್ನುವವರೂ ಇಲ್ಲ.

ನವೆಂಬರ್ 26, ಬುಧವಾರ

ಬೆಳಿಗ್ಗೆ ಅತ್ತೆ ತಮ್ಮ ಟ್ರಂಕಿನಿಂದ ಹಳೇ ಸೀರೆ ಸುತ್ತಿದ ಕಟ್ಟು ತೆಗೆದರು. ಒಳಗೆ ಫ್ರೇಮು. ಫ್ರೇಮಿನೊಳಗೆ ಇವರು. ಹಣೆ ತುಂಬ ವಿಭೂತಿ, ಎರಡೂ ಕೈಯಲ್ಲಿ ಕುಂಕುಮದ ಕಲ್ಲಂಗಡಿ, ಅದೇ ನಗು.

ದೀಪಾವಳಿಗೆ ನನಗೆ ಕೊಡಬೇಕು ಅಂತ ಅವತ್ತೇ ಮಾಲಾಳ ಫೋನಿನಿಂದ ಸ್ಟುಡಿಯೋಗೆ ಕಳಿಸಿ ಮಾಡಿಸಿದ್ದರಂತೆ.

ಹಿಂದೆ ಹಡಗಿಲ್ಲ. ನೀಲಿ ಆಕಾಶ, ಬಿಳಿ ಮೋಡ. ಸ್ಟುಡಿಯೋದವರು ತೀರಿಕೊಂಡವರಿಗೆ ಹಾಕುತ್ತಾರಲ್ಲ, ಆ ಮೋಡ.

‘ಮೊದ್ಲು ಹಡಗು ಇತ್ತು’ ಅಂದರು ಅತ್ತೆ. ‘ಹೋದ ವಾರ ಮತ್ತೆ ಕೊಟ್ಟು ತೆಗಿಸ್ದೆ.’

ನಾನು ತಲೆ ಎತ್ತಲಿಲ್ಲ.

‘ನೀನು ಯತೀಶನ ಬಾಗಿಲಿಗೆ ಹೋಗಿ ನಿಂತಿದ್ದು ನಂಗೊತ್ತು. ಅವನ ಅವ್ವ ಹೇಳಿದ್ಲು. ಮಾವಂಗೆ ಹೇಳಿಲ್ಲ, ನೀನೂ ಹೇಳಬ್ಯಾಡ. ಗಿರಾಕಿಗೆಲ್ಲ ತೋರ್ಸಿದ್ದು ನೆನೆಸ್ಕಂಡು ಅವ್ರೂ ಹಿಂಗೇ ಕೂರ್ತಾರೆ.’

‘ಅತ್ತೆ’ ಅಂದೆ.

‘ನಿನ್ ಮ್ಯಾಲೆ ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ. ಸಿಟ್ಟೈತೆ. ಒಂದೊಂದ್ಸಲ ನಿನ್ ಮುಖ ನೋಡಾಕಾಗಲ್ಲ. ಆದ್ರೆ ಅವ್ನು ಬಿಟ್ಟು ಹೋಗಿದ್ದು ಅಂತ ನನ್ ಹತ್ರ ಇರೋದು ನೀನೊಬ್ಳೇ.’ ಸೆರಗಿನಿಂದ ಗಾಜು ಒರೆಸಿ ನನ್ನ ಕೈಗೆ ಕೊಟ್ಟರು. ‘ಹೋಗು, ಇಟ್ಟು ಹೂ ಹಾಕು. ಅಯ್ನೋರು ಬರೋ ಹೊತ್ತಾತು.’

ಮಣೆಯ ಮೇಲೆ ಇಟ್ಟೆ. ಮಾವ ಬಂದು ನೋಡಿದರು, ಸಿಕ್ತಾ ಅಂದರು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನೆಂಟರು ಒಬ್ಬೊಬ್ಬರೇ ಫೋನ್ ಎತ್ತಿ ಫೋಟೋ ಹೊಡೆಯತೊಡಗಿದರು, ಸ್ಟೇಟಸ್ಸಿಗೆ. ನಾನು ಹಾರ ಎತ್ತಿಕೊಂಡೆ.

ಹಾರ ಹಾಕಲು ಹತ್ತಿರ ಹೋದಾಗ ಕಂಡಿತು. ಸ್ಟುಡಿಯೋದವನು ಎಲ್ಲ ತೆಗೆದಿದ್ದಾನೆ, ಎಡ ತೋಳಿಗೂ ಸೊಂಟಕ್ಕೂ ನಡುವಿನ ಸಣ್ಣ ಸಂದು ಅವನ ಕಣ್ಣಿಗೆ ಬಿದ್ದಿಲ್ಲ. ಬೆರಳು ಅಗಲದಷ್ಟು ಬೂದು ಬಣ್ಣದ ಕಬ್ಬಿಣ, ಅದರ ಮೇಲೆ ಹಳದಿ ಗೆರೆಯ ತುಂಡು.

ಬೇರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಸೇವಂತಿಗೆ ಹಾರವನ್ನು ಎಡಕ್ಕೆ ಸ್ವಲ್ಪ ಸರಿಸಿದೆ, ಮುಚ್ಚಿತು. ಹೂವು ಸಂಜೆಗೆಲ್ಲ ಬಾಡುತ್ತದೆ. ನಾಳೆ ಬೆಳಿಗ್ಗೆ ಬೇಗ ಎದ್ದು ಬೇರೆ ತರಬೇಕು, ಎಲ್ಲರೂ ಏಳುವ ಮೊದಲು.